ಪೋಸ್ಟ್ ಅಳಿಸೋ ಎಐ ಟೂಲ್: ಕೈ ಚುರುಕು, ಡಾಕ್ಯುಮೆಂಟೇಶನ್ ಅರೆಬರೆ

ನಮ್ಮ ಚಾರಣ ಗುಂಪಿಗೆ ಮಾಸ್ಟೊಡಾನ್, ಬ್ಲೂಸ್ಕೈ ಅನ್ನೋ ಎರಡು ಸೋಷಿಯಲ್ ಮೀಡಿಯಾ ತಾಣಗಳಲ್ಲಿ ಒಂದೊಂದು ಖಾತೆ ಇದೆ. ಎರಡರಲ್ಲೂ ಹಳೇ ಪ್ರಕಟಣೆಗಳು ರಾಶಿ ಬಿದ್ದಿವೆ. ಕೆಲವದರಲ್ಲಿ ಗುಂಪು ಬಿಟ್ಟು ಹೋದವರ ಫೋನ್ ನಂಬರ್ ಕೂಡ ಹಾಗೇ ಇದೆ. ಒಂದೊಂದಾಗಿ ಹುಡುಕಿ ಅಳಿಸುತ್ತಾ ಕೂರೋದು ಯಾರು? ಅದಕ್ಕೇ ಎಐ ಏಜೆಂಟ್‌ಗೆ (ಹೇಳಿದ ಕೆಲಸವನ್ನು ತಾನೇ ಮಾಡೋ ಎಐ) ಪೋಸ್ಟ್ ಅಳಿಸೋ ಟೂಲ್ ಒದಗಿಸೋ ಈ ಎಂಸಿಪಿ ಸರ್ವರ್ ಹಾಕಿಕೊಂಡೆ. ಹೆಸರು ಬೇಡ ಬಿಡಿ, ಯಾರೋ ಬಿಡುವಿನಲ್ಲಿ ಬರೆದು ಪುಕ್ಕಟೆ ಕೊಟ್ಟಿರೋ ಕೋಡ್ ಅದು.

ಎಂಸಿಪಿ ಅಂದರೆ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್, ಎಐಗೆ ಹೊರಗಿನ ಟೂಲ್‌ಗಳನ್ನು ಜೋಡಿಸೋ ಒಂದು ಸಾಮಾನ್ಯ ಪದ್ಧತಿ. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಕಂಪನಿ ಹೊರತಂದಿದ್ದು. ಸರ್ವರ್ ತನ್ನಲ್ಲಿರೋ ಟೂಲ್‌ಗಳ ಹೆಸರು, ವಿವರಣೆ, ಬೇಕಾದ ಇನ್‌ಪುಟ್ ಎಲ್ಲವನ್ನೂ ಪಟ್ಟಿ ಮಾಡಿ ಕೊಡುತ್ತದೆ. ಏಜೆಂಟ್ ಅದನ್ನು ಓದಿ ಯಾವುದನ್ನು ಬಳಸಬೇಕು ಅಂತ ತಾನೇ ತೀರ್ಮಾನಿಸುತ್ತದೆ. ಅಂದರೆ ಆ ವಿವರಣೆಯೇ ಏಜೆಂಟ್‌ಗೆ ಇರೋ ಮ್ಯಾನ್ಯುಯಲ್. ಕೋಡ್ ಜೊತೆ ಬರೋ ರೀಡ್‌ಮಿ ಅನ್ನೋ ಪರಿಚಯದ ಫೈಲ್‌ನಲ್ಲಿ ನೀವು ಎಷ್ಟು ಚೆಂದ ಬರೆದರೂ ಅದು ಏಜೆಂಟ್ ಕಣ್ಣಿಗೆ ಬೀಳುತ್ತದೆ ಅನ್ನೋ ಖಾತ್ರಿ ಇಲ್ಲ.

ಈ ಟೂಲ್‌ನ ಡಿಲೀಟ್ ವಿವರಣೆ ಒಂದೇ ಸಾಲು: 'ಪೋಸ್ಟನ್ನು ಅಳಿಸುತ್ತದೆ.' ಅಷ್ಟೇ. ವಾಪಸ್ ತರೋಕೆ ಆಗಲ್ಲ ಅಂತ ಇಲ್ಲ, ಮೊದಲು ಬಳಕೆದಾರರನ್ನು ಕೇಳು ಅಂತಲೂ ಇಲ್ಲ.

ಇನ್‌ಸ್ಟಾಲ್ ಮಾಡೋದು ಸುಲಭ, ಅದಕ್ಕೆ ಪೂರ್ತಿ ಅಂಕ. ಕನ್ನಡದಲ್ಲೇ ಹೇಳಿದರೂ ಏಜೆಂಟ್ ಸಲೀಸಾಗಿ ಕೆಲಸ ಶುರು ಮಾಡಿತು. 'ಕುಮಾರ ಪರ್ವತದ ಹಳೇ ಪ್ರಕಟಣೆಗಳನ್ನು ಅಳಿಸಬೇಕು, ಮೊದಲು ಪಟ್ಟಿ ತೋರಿಸು' ಅಂದೆ. ಪಟ್ಟಿ ಬಂತು, ಆದರೆ ಬರೀ ಐಡಿ ನಂಬರ್‌ಗಳು! ಪೋಸ್ಟ್‌ನ ಮೊದಲ ಸಾಲೂ ಇಲ್ಲ, ತಾರೀಖೂ ಇಲ್ಲ. ಒಂದೊಂದನ್ನೇ ತೆರೆದು ನೋಡಿದಾಗ ಅದರ ನಡುವೆ ಭಟ್ಟರ ಮನೆ ಊಟದ ಫೋಟೋ ಹಾಕಿ ಬರೆದಿದ್ದ ಪ್ರವಾಸದ ವರದಿಯೂ ಸಿಕ್ಕಿತು, ಅದರ ಕೆಳಗೆ ಜನ ದಾರಿ, ಪರ್ಮಿಟ್ ಬಗ್ಗೆ ಕೇಳಿದ ಪ್ರಶ್ನೆಗಳ ದೊಡ್ಡ ಸಾಲೇ ಇತ್ತು. ಸುಮ್ನೆ 'ಹೂಂ' ಅಂದಿದ್ದರೆ ಅದೂ ಹೋಗುತ್ತಿತ್ತು.

ಇನ್ನೊಂದು ವಿಷಯ ಕೋಡ್ ನೋಡಿದ ಮೇಲೆ ಗೊತ್ತಾಯಿತು. ಟೂಲ್ ಏನನ್ನಾದರೂ ಹಾಳು ಮಾಡಬಲ್ಲದೇ ಅಂತ ಮೊದಲೇ ತಿಳಿಸೋಕೆ ಎಂಸಿಪಿಯಲ್ಲಿ 'ಡಿಸ್ಟ್ರಕ್ಟಿವ್ ಹಿಂಟ್' ಅಂತ ಒಂದು ಗುರುತು ಇದೆ. ಏನೂ ಬರೆಯದಿದ್ದರೆ ಅದು 'ಹೌದು' ಅಂತಲೇ ಲೆಕ್ಕ. ಇಲ್ಲಿ ಅದನ್ನು ಕೈಯಾರೆ 'ಇಲ್ಲ' ಅಂತ ಬದಲಾಯಿಸಿದ್ದಾರೆ. 'ಹೌದು' ಇದ್ದರೆ ಏಜೆಂಟ್ ಆ್ಯಪ್ ಪದೇ ಪದೇ ಅನುಮತಿ ಕೇಳಬಹುದು, ಅದು ಕಿರಿಕಿರಿ ಅನ್ನಿಸಿರಬೇಕು. ಅಳಿಸೋ ಟೂಲ್ ಅಲ್ವಾ ಸ್ವಾಮಿ, ಕೇಳಲಿ ಬಿಡಿ.

ಮಾಸ್ಟೊಡಾನ್ ವಿಚಾರಕ್ಕೆ ಬಂದರೆ ಹೊಟ್ಟೆ ಉರಿಯುತ್ತದೆ. ಅದರ ಎಪಿಐಗೆ (ಬೇರೆ ಪ್ರೋಗ್ರಾಂಗಳು ಅದರ ಜೊತೆ ಮಾತಾಡೋ ದಾರಿ) ಪೋಸ್ಟ್ ಅಳಿಸು ಅಂದರೆ, ಅಳಿಸಿ, ನಾವು ಬರೆದಿದ್ದ ಮೂಲ ಪಠ್ಯವನ್ನು ಉತ್ತರದಲ್ಲಿ ವಾಪಸ್ ಕೊಡುತ್ತದೆ, ತಿದ್ದಿ ಮತ್ತೆ ಹಾಕಿಕೊಳ್ಳಲಿ ಅಂತಲೇ ಆ ವ್ಯವಸ್ಥೆ. ಈ ಟೂಲ್ ಆ ಉತ್ತರವನ್ನೆಲ್ಲ ಬಿಸಾಕಿ ಏಜೆಂಟ್‌ಗೆ 'ಯಶಸ್ವಿ' ಅಂತ ಒಂದೇ ಪದ ದಾಟಿಸುತ್ತದೆ. ಆ ಪಠ್ಯವನ್ನು ಒಂದು ಫೈಲ್‌ಗೆ ಬರೆದಿಟ್ಟಿದ್ದರೆ ಎಷ್ಟೋ ಜನರ ಜೀವ ಉಳಿಯುತ್ತಿತ್ತು. ಹಾಗೇ, ಮಾಸ್ಟೊಡಾನ್‌ನಲ್ಲಿ 30 ನಿಮಿಷಕ್ಕೆ 30 ಡಿಲೀಟ್ ಅನ್ನೋ ಮಿತಿ ಮಾಮೂಲಿ. ಡಾಕ್ಯುಮೆಂಟೇಶನ್‌ನಲ್ಲಿ ಅದರ ಸುದ್ದಿಯೇ ಇಲ್ಲ. ಮಿತಿ ಮುಗಿದಾಗ 429 ಎರರ್ ('ತುಂಬಾ ಸಲ ಕೇಳಿದ್ದೀರಿ, ಸ್ವಲ್ಪ ತಡೆಯಿರಿ' ಅಂತ ಅರ್ಥ) ಬಂತು, ಏಜೆಂಟ್ ಅದನ್ನು ನೆಟ್‌ವರ್ಕ್ ತೊಂದರೆ ಅಂದುಕೊಂಡು ಮತ್ತೆ ಮತ್ತೆ ಬಾಗಿಲು ಬಡಿಯುತ್ತಾ ಕೂತಿತು.

ಬ್ಲೂಸ್ಕೈ ಕಥೆ ಬೇರೆ. ಅಲ್ಲಿ ಡಿಲೀಟ್ ಅಂದರೆ 'ಈ ದಾಖಲೆ ಇರಬಾರದು' ಅಂತ ಅರ್ಥ. ದಾಖಲೆ ಮೊದಲೇ ಇಲ್ಲದಿದ್ದರೂ ಎರರ್ ಬರುವುದಿಲ್ಲ. ಹಾಗಾಗಿ ಏಜೆಂಟ್ ತಪ್ಪು ಕೀ (ಪೋಸ್ಟ್ ಗುರುತಿಸೋ ಐಡಿ) ಕೊಟ್ಟರೂ 'ಅಳಿಸಿದೆ' ಅಂತ ಖುಷಿಯಾಗಿ ವರದಿ ಒಪ್ಪಿಸುತ್ತದೆ, ಪೋಸ್ಟ್ ಮಾತ್ರ ಅಲ್ಲೇ ಇರುತ್ತದೆ. ಅಳಿಸಿದ ಮೇಲೆ ಒಮ್ಮೆ ತೆರೆದು ನೋಡು ಅಂತ ವಿವರಣೆಯಲ್ಲಿ ಒಂದು ಸಾಲು ಸೇರಿಸಿದ್ದರೆ ಸಾಕಿತ್ತು.

ಅನುಮತಿಯಲ್ಲೂ ಉದಾರ ಮನಸ್ಸು. ಸೆಟಪ್ ಪುಟ ಮಾಸ್ಟೊಡಾನ್‌ಗೆ 'ರೈಟ್' (ಬರೆಯೋ, ಬದಲಾಯಿಸೋ) ಅನುಮತಿ ಪೂರ್ತಿ ಕೊಡಿ ಅನ್ನುತ್ತದೆ. ಈ ಕೆಲಸಕ್ಕೆ ಅದರೊಳಗಿನ, ಪೋಸ್ಟ್‌ಗಳಿಗೆ ಮಾತ್ರ ಸಂಬಂಧಿಸಿದ 'ರೈಟ್:ಸ್ಟೇಟಸಸ್' ಒಂದೇ ಸಾಕು, ನಾನು ಅಷ್ಟೇ ಕೊಟ್ಟೆ, ಎಲ್ಲ ನಡೆಯಿತು. ಪೂರ್ತಿ ಕೊಟ್ಟರೆ ಫಾಲೋ, ಬ್ಲಾಕ್, ಪ್ರೊಫೈಲ್ ಎಲ್ಲವೂ ಏಜೆಂಟ್ ಕೈಗೆ ಹೋಗುತ್ತದೆ. ಯಾಕೆ ಬೇಕು?

ಟೂಲ್‌ನವರು ಬರೆದಿರೋ 'ನಿಮ್ಮ ಡಿಜಿಟಲ್ ಹೆಜ್ಜೆಗುರುತು ಸಂಪೂರ್ಣ ಮಾಯ' ಅನ್ನೋ ಸಾಲಂತೂ ತೆಗೆಯಲೇಬೇಕು. ಮಾಸ್ಟೊಡಾನ್ ಅಂದರೆ ಬೇರೆ ಬೇರೆಯವರು ನಡೆಸೋ ಸರ್ವರ್‌ಗಳ ಜಾಲ, ಪೋಸ್ಟ್‌ನ ಪ್ರತಿ ಅವುಗಳಿಗೂ ಹೋಗಿರುತ್ತದೆ. ನಮ್ಮ ಸರ್ವರ್ ಬೇರೆ ಸರ್ವರ್‌ಗಳಿಗೆ 'ಇದನ್ನು ಅಳಿಸಿ' ಅಂತ ಸಂದೇಶ ಕಳಿಸಬಹುದು, ಅವು ಕೇಳಲೇಬೇಕು ಅಂತೇನಿಲ್ಲ. ಬ್ಲೂಸ್ಕೈ ಪೋಸ್ಟ್‌ಗಳು ಎಲ್ಲರಿಗೂ ತೆರೆದ ಹರಿವಿನಲ್ಲಿ ಹೋಗುತ್ತವೆ, ಯಾರು ಬೇಕಾದರೂ ಪ್ರತಿ ಇಟ್ಟುಕೊಂಡಿರಬಹುದು. ಆ ಫೋನ್ ನಂಬರ್‌ಗಳ ಬಗ್ಗೆ ನಮ್ಮ ಗುಂಪಿನವರಿಗೆ ನಾನು ಇದನ್ನೇ ಹೇಳಿದೆ.

ಐದಕ್ಕೆ ಎರಡೂವರೆ. ಹಾಕಿಕೊಳ್ಳುವವರು ಮೊದಲು ಖಾತೆಯ ಆರ್ಕೈವ್ ಇಳಿಸಿಕೊಳ್ಳಿ, ಎರಡೂ ಕಡೆ ಆ ಸೌಲಭ್ಯ ಇದೆ. ಆಮೇಲೆ ಡಿಸ್ಟ್ರಕ್ಟಿವ್ ಹಿಂಟ್ ಇರೋ ಆ ಸಾಲನ್ನು 'ಹೌದು' ಅಂತ ಬದಲಿಸಿ, ಏಜೆಂಟ್ ಆ್ಯಪ್‌ನಲ್ಲಿ 'ಯಾವಾಗಲೂ ಅನುಮತಿಸು' ಅನ್ನೋದನ್ನು ಒತ್ತಬೇಡಿ. ವಿವರಣೆಗಳನ್ನು ತಿದ್ದಿ ನಾನೇ ಒಂದು ಪುಲ್ ರಿಕ್ವೆಸ್ಟ್ (ಈ ತಿದ್ದುಪಡಿ ಸೇರಿಸಿಕೊಳ್ಳಿ ಅನ್ನೋ ಕೋರಿಕೆ) ಕಳಿಸಿದ್ದೇನೆ, ಸೇರಿಸಿಕೊಂಡರೆ ಇನ್ನೊಂದು ಅಂಕ ಜಾಸ್ತಿ ಕೊಡುತ್ತೇನೆ.