ನರಳುವ ಸಾಕು ಕೋಳಿ: ಕಾಯಬೇಕಾ, ಡಾಕ್ಟರ ಇಂಜೆಕ್ಷನ್ನಾ, ಮನೆಯಲ್ಲೇ ಮುಗಿಸಬೇಕಾ?

ಮೊಟ್ಟೆ ನಿಲ್ಲಿಸಿದ ಮುದಿ ಕೋಳಿ ಬೇರೆ, ನರಳುತ್ತಿರುವ ಕೋಳಿ ಬೇರೆ. ಕಾಳಿಗೆ ಬರುತ್ತಿದೆ, ಬಿಸಿಲಿಗೆ ರೆಕ್ಕೆ ಬಿಚ್ಚಿ ಕೂರುತ್ತಿದೆ ಎಂದರೆ ಕಾಯಿರಿ. ಬೆಚ್ಚಗಿನ ಮೂಲೆ, ಮೆತ್ತನೆ ಹುಲ್ಲು, ಡಾಕ್ಟರು ಹೇಳಿದ ನೋವಿನ ಔಷಧ ಸಾಕಾಗಬಹುದು. ಆದರೆ ಎದ್ದು ನಿಲ್ಲಲಾಗದೆ, ಬಾಯಿ ತೆರೆದು ಉಸಿರೆಳೆಯುತ್ತಾ, ನೀರನ್ನೂ ಮುಟ್ಟದೆ ಬಿದ್ದಿದ್ದು, ಔಷಧಕ್ಕೂ ಚೇತರಿಸಿಕೊಳ್ಳದಿದ್ದರೆ ತಾನಾಗಿ ಹೋಗಲಿ ಅಂತ ಸುಮ್ನೆ ಬಿಡಬೇಡಿ. ಕೋಳಿ ನೋವನ್ನು ಬಚ್ಚಿಡುತ್ತದೆ. ನಮಗೆ ಕಾಣುವ ಹೊತ್ತಿಗೆ ಜಾಸ್ತಿಯೇ ಆಗಿರುತ್ತದೆ.

ಆಗ ನನ್ನ ಮೊದಲ ಆಯ್ಕೆ ಡಾಕ್ಟರು. ಅರಿವಳಿಕೆ ಕೊಟ್ಟು, ಆಮೇಲೆ ಇಂಜೆಕ್ಷನ್ ಹಾಕಿದರೆ ನಿದ್ದೆಯಲ್ಲೇ ಮುಗಿಯುತ್ತದೆ. ತೊಂದರೆ ದೂರದ್ದು. ಬಾಗೇಪಲ್ಲಿ ಕಡೆಯ ಹಳ್ಳಿಯಿಂದ ಚಿಕ್ಕಬಳ್ಳಾಪುರಕ್ಕೆ ಬಸ್ಸಿನಲ್ಲಿ ಕುಲುಕಿಸಿಕೊಂಡು ಒಯ್ಯುವುದೇ ಅದಕ್ಕೆ ಹಿಂಸೆ ಅಲ್ವಾ? ಮೊದಲು ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಕೇಳಿ. ಇಂಜೆಕ್ಷನ್ ಹಾಕಿದ ಕೋಳಿಯನ್ನು ತಿನ್ನಬಾರದು, ನಾಯಿಗೂ ಹಾಕಬಾರದು, ನಾಯಿ ಕೆದಕದಷ್ಟು ಆಳವಾಗಿ ಹೂಳಬೇಕು.

ಮನೆಯಲ್ಲಿ ಕುತ್ತಿಗೆ ಮೂಳೆ ಕಳಚುವುದು ಕೈ ಪಳಗಿದವರು ಮಾಡಿದರೆ ಬೇಗ ಮುಗಿಯುತ್ತದೆ. ಕಲಿಯದವರು ಕೈ ಹಾಕಿದರೆ ಅರ್ಧಂಬರ್ಧ ಆಗಿ ನೋವು ಹೆಚ್ಚುತ್ತದೆ. ಅದಕ್ಕೇ ಊರಲ್ಲಿ ಗೊತ್ತಿರುವವರನ್ನೇ ಕರೆಯಿರಿ. 3 ಕೆಜಿ ದಾಟಿದ ಹುಂಜಕ್ಕೆ ಇದು ಬೇಡ. ನೀರಲ್ಲಿ ಮುಳುಗಿಸುವುದಂತೂ ಯಾವತ್ತೂ ಬೇಡ.

ಒಂದೇ ಸಲ ಹಲವು ಕೋಳಿ ಬಿದ್ದರೆ ಮಾತ್ರ ಇದು ನಿಮ್ಮ ಒಬ್ಬರ ತೀರ್ಮಾನವಲ್ಲ. 2025ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರ ತಾಲೂಕಿನ ವರದಹಳ್ಳಿಯಲ್ಲೇ ಹಕ್ಕಿಜ್ವರ ಬಂದಿತ್ತು. ಬರಿಗೈಯಲ್ಲಿ ಮುಟ್ಟದೆ ಮೊದಲು ಪಶು ಆಸ್ಪತ್ರೆಗೆ ತಿಳಿಸಿ.