ಎನ್‌ವಿಡಿಎ: ಜಾಲತಾಣ ಕಟ್ಟುವವರ ಬಳಿ ಇರಲೇಬೇಕಾದ ಸ್ಕ್ರೀನ್ ರೀಡರ್

ಪುಟವನ್ನು ತಾನಾಗಿ ಪರೀಕ್ಷಿಸಿ ಅಂಕ ಕೊಡುವ ಲೈಟ್‌ಹೌಸ್ ಎಂಬ ಸಾಧನವನ್ನು ಓಡಿಸಿ 100ಕ್ಕೆ 100 ಅಂಕ ಬಂದ ಪುಟವೂ ಕಣ್ಣು ಕಾಣದವರ ಪಾಲಿಗೆ ಮುಚ್ಚಿದ ಬಾಗಿಲಾಗಿರಬಹುದು. ಚಿತ್ರಕ್ಕೆ ಆಲ್ಟ್ ಪಠ್ಯ (ಚಿತ್ರದಲ್ಲಿ ಏನಿದೆ ಎಂಬ ವಿವರಣೆ) ಇದೆಯೋ ಇಲ್ಲವೋ ಎಂದು ಅಂತಹ ಸಾಧನಗಳು ಹೇಳುತ್ತವೆ. ಅಲ್ಲಿ ಬರೆದಿರುವುದು ‘ಚಿತ್ರ ಒಂದು’ ಎಂದಷ್ಟೇ ಆದರೂ ಅಂಕ ಕಡಿಮೆಯಾಗುವುದಿಲ್ಲ. ಪುಟ ಕಿವಿಗೆ ಹೇಗೆ ಕೇಳಿಸುತ್ತದೆ ಎಂಬುದು ಗೊತ್ತಾಗಬೇಕಾದರೆ ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದುವ ತಂತ್ರಾಂಶ, ಅಂದರೆ ಸ್ಕ್ರೀನ್ ರೀಡರ್, ಹಾಕಿಕೊಂಡು ಕೇಳಲೇಬೇಕು. ವಿಂಡೋಸ್‌ನಲ್ಲಿ ಈ ಕೆಲಸಕ್ಕೆ ಎನ್‌ವಿಡಿಎಗಿಂತ ಒಳ್ಳೆಯ ಆರಂಭ ಇನ್ನೊಂದಿಲ್ಲ.

2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಇದನ್ನು ಬರೆಯತೊಡಗಿದರು, ಜೇಮ್ಸ್ ಟೆ ಕೂಡ ಅದಕ್ಕೆ ಕೈಜೋಡಿಸಿದರು. ಇಬ್ಬರೂ ಅಂಧರು. ತಂತ್ರಾಂಶ ಉಚಿತ, ಮೂಲ ಸಂಕೇತ ಮುಕ್ತ. ಎನ್‌ವಿ ಆಕ್ಸೆಸ್ ಸಂಸ್ಥೆಯ ತಾಣದಿಂದ ಇಳಿಸಿಕೊಂಡರೆ ಸಾಕು. ಗಣಕದಲ್ಲಿ ಸ್ಥಾಪಿಸುವ ಅನುಮತಿ ಇಲ್ಲದವರು ಪೋರ್ಟಬಲ್ ಪ್ರತಿ ಮಾಡಿ ಪೆನ್‌ಡ್ರೈವ್‌ನಿಂದಲೇ ಓಡಿಸಬಹುದು. ಕಚೇರಿಯ ಯಂತ್ರಗಳಲ್ಲಿ ಪರೀಕ್ಷೆ ಮಾಡುವವರಿಗೆ ಇದು ದೊಡ್ಡ ಅನುಕೂಲ.

ಕಲಿಯಬೇಕಾದ ಕೀಗಳು ಕಡಿಮೆ. ಮಾತು ನಿಲ್ಲಿಸಲು ಕಂಟ್ರೋಲ್; ಇದನ್ನು ಮೊದಲು ಕಲಿಯಿರಿ, ಇಲ್ಲದಿದ್ದರೆ ಐದು ನಿಮಿಷದಲ್ಲಿ ತಲೆ ಚಿಟ್ಟು ಹಿಡಿಯುತ್ತದೆ. ಪುಟದಲ್ಲಿ ಸಾಲಿನಿಂದ ಸಾಲಿಗೆ ಹೋಗಲು ಕೆಳ ಬಾಣ, ಶೀರ್ಷಿಕೆಯಿಂದ ಶೀರ್ಷಿಕೆಗೆ ಎಚ್, ಬಟನ್‌ಗಳಿಗೆ ಬಿ, ಫಾರಂನ ಅಂಕಣಗಳಿಗೆ (ತುಂಬುವ ಜಾಗಗಳಿಗೆ) ಎಫ್, ಕೋಷ್ಟಕಕ್ಕೆ ಟಿ. ಇನ್ಸರ್ಟ್ ಜೊತೆ ಎಫ್7 ಒತ್ತಿದರೆ ಪುಟದ ಲಿಂಕ್‌ಗಳೂ ಶೀರ್ಷಿಕೆಗಳೂ ಪಟ್ಟಿಯಾಗಿ ತೆರೆದುಕೊಳ್ಳುತ್ತವೆ. ಆ ಪಟ್ಟಿಯಲ್ಲಿ ‘ಇನ್ನಷ್ಟು ಓದಿ’ ಎಂಬುದು ಇಪ್ಪತ್ತು ಸಲ ಕಂಡರೆ, ಯಾವುದು ಎಲ್ಲಿಗೆ ಒಯ್ಯುತ್ತದೆ ಎಂಬುದು ಕೇಳುವವರಿಗೆ ತಿಳಿಯುವುದೇ ಇಲ್ಲ ಎಂಬುದು ಒಂದೇ ನೋಟಕ್ಕೆ ಅರ್ಥವಾಗುತ್ತದೆ. ಉಪಕರಣಗಳ ಮೆನುವಿನಲ್ಲಿರುವ ಸ್ಪೀಚ್ ವ್ಯೂವರ್ ಹೇಳಿದ್ದನ್ನೆಲ್ಲ ಅಕ್ಷರದಲ್ಲಿ ತೋರಿಸುತ್ತದೆ. ದೋಷ ವರದಿಗೆ ನಕಲು ಮಾಡಲು ಅದು ಒಳ್ಳೆಯದು, ಆದರೆ ಪರೀಕ್ಷೆಯನ್ನೇ ಅದರ ಮೇಲೆ ನಡೆಸಬೇಡಿ. ಸೆಟ್ಟಿಂಗ್ಸ್‌ನಲ್ಲಿ ಪರದೆಯನ್ನು ಪೂರ್ತಿ ಕಪ್ಪಾಗಿಸುವ ಆಯ್ಕೆ ಇದೆ. ಅದನ್ನು ಹಾಕಿಕೊಂಡು ಫಾರಂ ತುಂಬಿ ಸಲ್ಲಿಸಲು ಆಗುತ್ತದೆಯೇ ನೋಡಿ. ಪರದೆ ಕಾಣುತ್ತಿದ್ದರೆ ಕಿವಿಗೆ ಬೀಳದ್ದನ್ನು ಕಣ್ಣು ತಾನೇ ತುಂಬಿಕೊಳ್ಳುತ್ತದೆ.

ಹೊಸಬರು ತಪ್ಪುವುದು ಎರಡು ಸ್ಥಿತಿಗಳ ವಿಷಯದಲ್ಲಿ. ಓದುವ ಸ್ಥಿತಿಯಲ್ಲಿ ಎಚ್, ಬಿ ಮುಂತಾದವು ನೆಗೆಯುವ ಕೀಗಳು. ಅಂಕಣದೊಳಗೆ ಹೋದಾಗ ಅವೇ ಬರೀ ಅಕ್ಷರಗಳು. ಬದಲಾಯಿಸಲು ಇನ್ಸರ್ಟ್ ಜೊತೆ ಸ್ಪೇಸ್. ಟ್ಯಾಬ್ ಒತ್ತಿ ಪುಟ ಸುತ್ತಿ, ‘ಪಠ್ಯವನ್ನೇ ಓದಲಿಲ್ಲ’ ಎಂದು ದೋಷ ದಾಖಲಿಸುವವರಿದ್ದಾರೆ. ಟ್ಯಾಬ್ ಹೋಗುವುದು ಲಿಂಕ್, ಬಟನ್, ಅಂಕಣಗಳಿಗೆ ಮಾತ್ರ. ಪಠ್ಯಕ್ಕೆ ಬಾಣದ ಕೀ ಬೇಕು. ಇದನ್ನು ‘ಸರಿಪಡಿಸಲು’ ಪ್ರತಿ ಪ್ಯಾರಾಗೂ, ಟ್ಯಾಬ್ ಅಲ್ಲಿ ನಿಲ್ಲುವಂತೆ ಮಾಡುವ ಟ್ಯಾಬ್‌ಇಂಡೆಕ್ಸ್ ಹಾಕಿದರೆ ಇದ್ದ ಪುಟವೂ ಕೆಡುತ್ತದೆ.

ಇನ್ನು ನಮ್ಮ ದೊಡ್ಡ ಎಚ್ಚರಿಕೆ. ಎನ್‌ವಿಡಿಎ ಬಳಕೆದಾರನಿಗೆ ನೆರವಾಗಲು ಹುಟ್ಟಿದ್ದು, ನಿಮ್ಮ ತಪ್ಪು ಹುಡುಕಲು ಅಲ್ಲ. ಹಾಗಾಗಿ ಕೆಲವು ತಪ್ಪುಗಳನ್ನು ಅದು ತಾನೇ ಸುಧಾರಿಸಿಕೊಂಡು ಹೋಗುತ್ತದೆ. ಬಟನ್ ಬದಲು ಡಿವ್ ಎಂಬ ಬರೀ ಪೆಟ್ಟಿಗೆಯ ಟ್ಯಾಗ್ ಇಟ್ಟು ಅದಕ್ಕೆ ಕ್ಲಿಕ್ ಕಟ್ಟಿದ್ದೀರಿ ಎನ್ನಿ. ಓದುವ ಸ್ಥಿತಿಯಲ್ಲಿ ಅದರ ಮೇಲೆ ಎಂಟರ್ ಒತ್ತಿದರೆ ಎನ್‌ವಿಡಿಎ ತಾನೇ ಕ್ಲಿಕ್ ಕಳಿಸುತ್ತದೆ, ಕೆಲಸ ಆಗುತ್ತದೆ. ಆದರೆ ಕೈ ನಡುಗುವ ಕಾರಣ ಮೌಸ್ ಬಿಟ್ಟು ಕೀಬೋರ್ಡ್ ಒಂದನ್ನೇ ನಂಬಿದವರು ಟ್ಯಾಬ್ ಒತ್ತಿ ಅಲ್ಲಿಗೆ ತಲುಪುವುದೇ ಇಲ್ಲ. ಲೇಬಲ್ ಇಲ್ಲದ ಅಂಕಣದಲ್ಲೂ ಹೀಗೆಯೇ: ಅಂಕಣದೊಳಗೆ ಮಸುಕಾಗಿ ಕಾಣುವ ಸೂಚನೆ, ಅಂದರೆ ಪ್ಲೇಸ್‌ಹೋಲ್ಡರ್ ಪಠ್ಯವೇ ಹೆಸರಾಗಿ ಕೇಳಿಸುವುದರಿಂದ ಎಲ್ಲ ಸರಿ ಇದೆ ಎನಿಸುತ್ತದೆ. ಬರೆಯಲು ಶುರು ಮಾಡಿದೊಡನೆ ಅದು ಪರದೆಯಿಂದ ಮಾಯವಾಗಿ, ಮರೆವಿನ ತೊಂದರೆ ಇರುವವರು ಗೊಂದಲಕ್ಕೆ ಬೀಳುತ್ತಾರೆ. ಆದ್ದರಿಂದ ಪ್ರತಿ ಪುಟವನ್ನೂ ಎನ್‌ವಿಡಿಎ ಮುಚ್ಚಿ, ಮೌಸ್ ಮುಟ್ಟದೆ, ಬರೀ ಕೀಬೋರ್ಡ್‌ನಿಂದ ಇನ್ನೊಮ್ಮೆ ನಡೆಸಬೇಕು.

ಎನ್‌ವಿಡಿಎ ನಿಜಕ್ಕೂ ಮಿಂಚುವುದು ಪುಟ ಬದಲಾಗುವ ಜಾಗಗಳಲ್ಲಿ. ತಪ್ಪು ಸಂಖ್ಯೆ ಬರೆದು ಸಲ್ಲಿಸಿದಾಗ ಕೆಂಪು ಸಾಲು ಮೂಡಿತು, ಕಿವಿಗೆ ಮೌನ. ಕಾರಣ ಹಲವು ಸಲ ಇದೇ: ಸಂದೇಶ ಬಂದಾಗಲೇ ಆರಿಯಾ-ಲೈವ್ (ಬದಲಾದ ಪಠ್ಯವನ್ನು ಓದಿಸುವ ಗುರುತು) ಇರುವ ಪೆಟ್ಟಿಗೆಯನ್ನೂ ಹುಟ್ಟಿಸಿದ್ದೀರಿ. ಪೆಟ್ಟಿಗೆ ಮೊದಲೇ ಖಾಲಿಯಾಗಿ ಪುಟದಲ್ಲಿರಬೇಕು, ಆಮೇಲೆ ಅದರೊಳಗೆ ಪಠ್ಯ ತುಂಬಬೇಕು. ಸಂವಾದ ಪೆಟ್ಟಿಗೆ ತೆರೆದಾಗ ಫೋಕಸ್ (ಕೀಬೋರ್ಡ್ ಆಗ ಕೆಲಸ ಮಾಡುವ ಜಾಗ) ಅದರೊಳಗೆ ಹೋಗಬೇಕು, ಎಸ್ಕೇಪ್‌ಗೆ ಮುಚ್ಚಬೇಕು, ಮುಚ್ಚಿದ ಮೇಲೆ ತೆರೆದ ಬಟನ್‌ಗೇ ಮರಳಬೇಕು. ಮರಳದಿದ್ದರೆ ಬಳಕೆದಾರ ಪುಟದ ತಲೆಯಿಂದ ಮತ್ತೆ ಹುಡುಕಬೇಕಾಗುತ್ತದೆ. ಪರದೆ ಕಪ್ಪಾಗಿಸಿದವರಿಗೆ ಇವೆಲ್ಲ ನಿಮಿಷದೊಳಗೆ ಸಿಕ್ಕಿಬೀಳುತ್ತವೆ.

ಜೊತೆಗೆ ಬರುವ ಈಸ್ಪೀಕ್ ಧ್ವನಿ ಒರಟು, ಯಂತ್ರದ ದನಿ. ಕನ್ನಡವನ್ನೂ ಓದುತ್ತದೆ, ಕಿವಿ ಪಳಗಲು ಸ್ವಲ್ಪ ಹೊತ್ತು ಬೇಕು. ಪುಟದ ಎಚ್‌ಟಿಎಂಎಲ್ ಟ್ಯಾಗ್‌ನಲ್ಲಿ ಭಾಷೆ ಹೇಳುವ ಲ್ಯಾಂಗ್ ಗುರುತು ‘ಕೆಎನ್’ (ಕನ್ನಡ) ಎಂದಿರಲಿ. ಟೆಂಪ್ಲೇಟ್‌ನಿಂದ ಬಂದ ‘ಇಎನ್’ ಹಾಗೆಯೇ ಉಳಿದರೆ ಧ್ವನಿ ಇಂಗ್ಲಿಷ್ ನಿಯಮದ ಬೆನ್ನು ಹತ್ತಿ ಕನ್ನಡದ ಉಚ್ಚಾರ ಕೆಡಬಹುದು. ಮಾತಿನ ಸೆಟ್ಟಿಂಗ್ಸ್‌ನಲ್ಲಿ ಭಾಷೆ ತಾನಾಗಿ ಬದಲಾಗುವ ಆಯ್ಕೆ ಗುರುತಾಗಿದೆಯೇ ಎಂದೂ ನೋಡಿಕೊಳ್ಳಿ.

ಬಣ್ಣದ ಹಿನ್ನೆಲೆಯಲ್ಲಿ ಪಠ್ಯ ಸಾಕಷ್ಟು ಎದ್ದು ಕಾಣುತ್ತದೆಯೇ ಎಂಬುದನ್ನು ಎನ್‌ವಿಡಿಎ ಹೇಳದು. ಸಾಮಾನ್ಯ ಪಠ್ಯಕ್ಕೆ 4.5:1, ದೊಡ್ಡ ಪಠ್ಯಕ್ಕೆ 3:1 ಎಂಬ ಕಾಂಟ್ರಾಸ್ಟ್ (ಪಠ್ಯ, ಹಿನ್ನೆಲೆಗಳ ನಡುವಿನ ವ್ಯತ್ಯಾಸ) ಲೆಕ್ಕವನ್ನು ಬೇರೆ ಸಾಧನದಲ್ಲಿ ನೋಡಬೇಕು. ಜಾಲತಾಣಗಳು ಎಲ್ಲರಿಗೂ ಬಳಸಲು ಬರುವಂತಿರಬೇಕೆಂಬ ಮಾನದಂಡವಾದ 2023ರ ಡಬ್ಲ್ಯುಸಿಎಜಿ 2.2 ಕೇಳುವ 24×24 ಪಿಕ್ಸೆಲ್ ಸ್ಪರ್ಶ ಗಾತ್ರವನ್ನೂ ಅದು ಅಳೆಯದು. ಮ್ಯಾಕ್‌ಗೆ, ಫೋನ್‌ಗೆ ಇದು ಇಲ್ಲ. ಅಲ್ಲಿನ ಸ್ಕ್ರೀನ್ ರೀಡರ್‌ಗಳಾದ ವಾಯ್ಸ್‌ಓವರ್ (ಮ್ಯಾಕ್, ಐಫೋನ್), ಟಾಕ್‌ಬ್ಯಾಕ್ (ಆಂಡ್ರಾಯ್ಡ್) ಹಾಕಿ ಬೇರೆಯಾಗಿ ಪರೀಕ್ಷಿಸಿ. ಕ್ರೋಮ್‌ನಲ್ಲಿ ಕೇಳಿದ್ದು ಫೈರ್‌ಫಾಕ್ಸ್‌ನಲ್ಲಿ ಬೇರೆಯಾಗಿ ಕೇಳಬಹುದು, ಆದ್ದರಿಂದ ದೋಷ ವರದಿಯಲ್ಲಿ ಎನ್‌ವಿಡಿಎ ಮತ್ತು ಬ್ರೌಸರ್ ಎರಡರ ಆವೃತ್ತಿ, ಒತ್ತಿದ ಕೀ, ಸ್ಪೀಚ್ ವ್ಯೂವರ್‌ನಲ್ಲಿ ಬಂದ ಸಾಲು ಇಷ್ಟನ್ನೂ ಬರೆಯಿರಿ.