ಎಂಎಲ್-365 ರಾಗಿ ಬಿತ್ತನೆ ಬೀಜ: ಬರದಲ್ಲೂ ಕೈಬಿಡದ ತಳಿ, ಸಿಗುವುದೇ ಕಷ್ಟ

ಮಳೆ ನಂಬಿ ಹೊಲ ಮಾಡುವವರು ಯಾವ ರಾಗಿ ತರಲಿ ಅಂತ ಕೇಳಿದರೆ ನಾನು ಹೇಳೋದು ಎಂಎಲ್-365. ನಮ್ಮದು ತುಮಕೂರು ಸೀಮೆಯ ಕೆಂಪು ಮಣ್ಣು. ಬೋರ್‌ವೆಲ್ ನೀರು ತೆಂಗಿಗೇ ಸಾಲದು, ರಾಗಿಗೆ ಮಳೆಯೇ ಗತಿ. ರೈತ ಸಂಪರ್ಕ ಕೇಂದ್ರದಲ್ಲಿ ಸಿಗುವ ಬೀಜ, ಸಾಮಾನ್ಯ ವರ್ಗದವರಿಗೆ ಅರ್ಧ ಬೆಲೆ, ಪರಿಶಿಷ್ಟರಿಗೆ ಕಾಲು ಬೆಲೆ. ಸಾಲಾಗಿ ಬೀಜ ಬಿಡುವ ಕೂರಿಗೆಯಲ್ಲಿ ಬಿತ್ತಿದರೆ ಎಕರೆಗೆ ಐದು ಕೆಜಿ ಸಾಕು. ಚೀಲದ ಬಾಯಿಗೆ ನೀಲಿ ಚೀಟಿ ಹೊಲಿದಿದೆಯಾ ನೋಡಿಕೊಳ್ಳಿ, ಪ್ರಮಾಣಿತ ಬೀಜದ ಗುರುತು ಅದು. ರಾಗಿಗೆ ಮೊಳಕೆ ಕನಿಷ್ಠ ಶೇ 75 ಇರಬೇಕು ಅನ್ನೋದು ನಿಯಮ. ನಾನಂತೂ ಒದ್ದೆ ಗೋಣಿತಾಟಿನಲ್ಲಿ ನೂರು ಕಾಳು ಕಟ್ಟಿಟ್ಟು ನೋಡದೆ ಬಿತ್ತುವವಳಲ್ಲ. ಈ ಬೀಜ ಇದುವರೆಗೆ ತೊಂಬತ್ತರ ಹತ್ತಿರವೇ ಬಂದಿದೆ.

ತಳಿ ಹೇಗಿದೆ ಅಂತ ಒಳ್ಳೆ ವರ್ಷದಲ್ಲಿ ಗೊತ್ತಾಗೋದಿಲ್ಲ. ಇದು ನನಗೆ ಗೊತ್ತಾದದ್ದು 2023ರಲ್ಲಿ. ಪುಷ್ಯ ಮಳೆಗೆ ಬಿತ್ತಿದೆವು, ಪೈರು ಚೆನ್ನಾಗಿಯೇ ಎದ್ದಿತು. ಆಮೇಲೆ ಆಗಸ್ಟ್ ಪೂರ್ತಿ ಒಂದು ಹನಿ ಬೇಕು ಅಂದರೂ ಇಲ್ಲ. ದೇಶದಲ್ಲಿ 1901ರಿಂದ ಈಚೆಗೆ ಅಷ್ಟು ಒಣಗಿದ ಆಗಸ್ಟ್ ಬಂದಿರಲಿಲ್ಲ ಅಂತ ಹವಾಮಾನ ಇಲಾಖೆಯೇ ಹೇಳಿತು. ಪಕ್ಕದ ಹೊಲದ ಮುಸುಕಿನ ಜೋಳ ಸೂಲಂಗಿ ಬರುವ ಹೊತ್ತಿಗೇ ಬೆಂದುಹೋಯಿತು. ನಮ್ಮ ರಾಗಿ ಎಲೆ ಸುರುಟಿಕೊಂಡು ಬೆಳೆಯದೆ, ಸಾಯದೆ ನಿಂತಲ್ಲೇ ನಿಂತಿತ್ತು. ನಮ್ಮ ಯಜಮಾನರು ಹಸು ಬಿಟ್ಟುಬಿಡೋಣ ಅಂತ ಹಗ್ಗ ಹಿಡಿದುಕೊಂಡೇ ಹೊರಟಿದ್ದರು. ಸೆಪ್ಟೆಂಬರಿನಲ್ಲಿ ತಡೆ ತಡೆದು ಒಂದೆರಡು ಹದ ಮಳೆ ಬಿತ್ತು ನೋಡಿ, ಬುಡದಿಂದ ಮತ್ತೆ ತೆಂಡೆ, ಅಂದರೆ ಮರಿಪೈರು, ಒಡೆಯಿತು. ಕೊನೆಗೆ ಎಕರೆಗೆ ಆರು ಕ್ವಿಂಟಲ್. ಒಳ್ಳೆ ಮಳೆಗೆ ಇದೇ ಹೊಲ ಹನ್ನೆರಡು ಕೊಡುತ್ತದೆ, ಹಾಗಾಗಿ ಅರ್ಧ ಬೆಳೆ ಅನ್ನಿ. ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳಲ್ಲಿ ಬರ ಸಾರಿದ ವರ್ಷ ಅದು. ಮನೆಗೆ ವರ್ಷದ ಮುದ್ದೆ, ಎರಡು ಹಸುವಿಗೆ ಹುಲ್ಲು ಆಯಿತಲ್ಲ.

ಅಕ್ಕಿಗೂ ಪರದಾಡಿದ ವರ್ಷ ಅದು. 2023ರ ಜುಲೈಯಲ್ಲೇ ಕೇಂದ್ರ ಸರ್ಕಾರ ಬಾಸ್ಮತಿ ಬಿಟ್ಟು ಬಿಳಿ ಅಕ್ಕಿ ರಫ್ತು ನಿಲ್ಲಿಸಿತ್ತು. ಅಮೆರಿಕದಲ್ಲಿರುವ ನಾದಿನಿಯ ಮಗ ಅಲ್ಲಿನ ಅಂಗಡಿಯಲ್ಲಿ ಮನೆಗೊಂದೇ ಚೀಲ ಕೊಡುತ್ತಿದ್ದಾರೆ ಅಂತ ಫೋನ್ ಮಾಡಿದ. ಇಲ್ಲಿ ಅನ್ನಭಾಗ್ಯದ ಹೆಚ್ಚುವರಿ ಐದು ಕೆಜಿಗೆ ಅಕ್ಕಿ ಹೊಂದಿಸಲಾಗದೆ ತಲೆಗೆ ₹170ರಂತೆ ಖಾತೆಗೆ ಹಾಕಿದರು. ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಸಾರಿದ್ದೂ ಅದೇ 2023, ಅದೂ ನಮ್ಮ ದೇಶ ಕೇಳಿ ಮಾಡಿಸಿದ್ದು. ಮೇಳದಲ್ಲಿ ರಾಗಿ ಬಿಸ್ಕತ್ತು ಹಂಚಿದರು, ತಿಂದೆ, ಚೆನ್ನಾಗಿತ್ತು. ಆದರೆ ಅರ್ಧ ಮಳೆಗೆ ಆರು ಕ್ವಿಂಟಲ್ ಕೊಡುವ ಬೀಜದ ಮಾತು ಆ ವೇದಿಕೆ ಮೇಲೆ ಯಾರೂ ಎತ್ತಲಿಲ್ಲ.

ಈ ಬೀಜದ ಕುಲ ಕೇಳಿದರೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂಗೆ ಹೋಗಬೇಕು. ಅಲ್ಲಿ ರಾಗಿ ತಳಿ ವಿಜ್ಞಾನಿ ಸಿ.ಎಚ್. ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ಇಂಡಾಫ್ (ಇಂಡಿಯಾ-ಆಫ್ರಿಕಾ) ತಳಿಗಳನ್ನು ತಂದರು. ರಾಗಿಯ ಮೂಲವೇ ಪೂರ್ವ ಆಫ್ರಿಕದ ಎತ್ತರದ ನಾಡು, ಸಾವಿರಾರು ವರ್ಷದ ಮೇಲೆ ಮತ್ತೆ ತವರಿನಿಂದಲೇ ಹೆಣ್ಣು ತಂದ ಹಾಗಾಯಿತು. ಇಂಡಾಫ್ ಬಂದ ಮೇಲೇ ರಾಗಿ ತುಂಬಿಡುವ ನಮ್ಮ ನೆಲಗುಂಡಿ, ಹಗೇವು, ತುಂಬಿದ್ದು ಅಂತ ನಮ್ಮತ್ತೆ ಈಗಲೂ ಹೇಳುತ್ತಾರೆ. ಜಿಪಿಯು-28 ಅನ್ನುವ ಇನ್ನೊಂದು ರಾಗಿ ತಳಿ, ಎಂಎಲ್-365 ಎರಡರಲ್ಲೂ ಇಂಡಾಫ್-5ರ ರಕ್ತ ಇದೆ. ಎರಡೂ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತಳಿಗಳು, ಎರಡಕ್ಕೂ ಎಲೆ, ತೆನೆ ಒಣಗಿಸುವ ಬೆಂಕಿರೋಗ ತಡೆಯುವ ಶಕ್ತಿ ಇದೆ. ಎಂಎಲ್-365 ಮೂರೂವರೆ ತಿಂಗಳಿಗೆ ಕೊಯ್ಲಿಗೆ ಬರುತ್ತದೆ, ತಡವಾಗಿ ಬಿತ್ತಿದರೂ ಸಾಗುತ್ತದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು, ಪ್ರತಿ ವರ್ಷ ಕೊಳ್ಳಬೇಕಾಗಿಲ್ಲ ಅನ್ನೋದು. ಹೈಬ್ರಿಡ್ ಜೋಳದ ಕಾಳು ಎತ್ತಿಟ್ಟು ಬಿತ್ತಿದರೆ ಗಿಡ ಒಂದೊಂದು ಒಂದೊಂದು ಥರ. ರಾಗಿ ತನ್ನೊಳಗೇ ಪರಾಗ ಕಟ್ಟುವ ಬೆಳೆ, ಒಳ್ಳೆ ತೆನೆ ಆರಿಸಿಟ್ಟರೆ ಮೂರು ವರ್ಷ ನಿಶ್ಚಿಂತೆ. ಕಂಪನಿಯ ಹಂಗಿಲ್ಲ.

ಇನ್ನು ದೂರು. ಮುದ್ದೆ ಮೆತ್ತಗೆ ಬರುತ್ತದೆ, ಆದರೆ ಹಳೇ ನಾಟಿ ತಳಿ ಉಂಡೆ ರಾಗಿಯ ಘಮ ಇದರಲ್ಲಿಲ್ಲ, ಇದ್ದರೆ ನಾನೇ ಮೊದಲು ಹೇಳುತ್ತಿದ್ದೆ. ಯೂರಿಯಾ ಜಾಸ್ತಿ ಸುರಿದರೆ ಪೈರು ಮಲಗುತ್ತದೆ, ಕೊಟ್ಟಿಗೆ ಗೊಬ್ಬರವೇ ಮೇಲು. ರಾಗಿ ನಡುವಿನ ಅಕ್ಕಡಿ ಸಾಲಿನಲ್ಲಿ ತೊಗರಿಯೋ ಅವರೆಯೋ ಹಾಕಿ, ಬರೀ ರಾಗಿ ಬಿತ್ತಬೇಡಿ.

ದೊಡ್ಡ ದೂರು ಬೀಜದ ಮೇಲಲ್ಲ, ಅದು ಕೈಗೆ ಸಿಗುವ ರೀತಿಯ ಮೇಲೆ. ನಾನು ಹೋಗುವ ಕೇಂದ್ರದಲ್ಲಿ ಹದ ಇದ್ದಾಗ ಬೀಜ ಇರೋದಿಲ್ಲ, ಬೀಜ ಬಂದಾಗ ಸರ್ವರ್ ಇರೋದಿಲ್ಲ, ಎರಡೂ ಇದ್ದಾಗ ನೆಲ ಒಣಗಿರುತ್ತದೆ. ಮಾರುವಾಗಲೂ ಅದೇ ಕಥೆ. ಬೆಂಬಲ ಬೆಲೆ 2017-18ರಲ್ಲಿ ಕ್ವಿಂಟಲ್‌ಗೆ ₹1,900 ಇತ್ತು, 2025-26ಕ್ಕೆ ₹4,886 ಆಗಿದೆ, ಸಂತೋಷವೇ. ಆದರೆ ಕಣ ಮುಗಿಯೋದು ಕಾರ್ತಿಕ ಕಳೆದ ಮೇಲೆ, ತೂಕದ ಸರದಿ ಬರೋದು ಸಂಕ್ರಾಂತಿ ದಾಟಿ. ಅಷ್ಟರಲ್ಲಿ ಕೈಸಾಲ ಕೊಟ್ಟವರು ಬಾಗಿಲಿಗೆ ಬಂದಿರುತ್ತಾರೆ, ಅರ್ಧ ಚೀಲ ದಲ್ಲಾಳಿ ಗಾಡಿ ಹತ್ತಿರುತ್ತದೆ. ರೇಷನ್ ಅಂಗಡಿಗೆ ಆ ರಾಗಿಯನ್ನೇ ಕೊಂಡು ಕೊಡುವ ಸರ್ಕಾರ ಒಂದು ತಿಂಗಳು ಮೊದಲೇ ತಕ್ಕಡಿ ಇಟ್ಟರೆ ಗಂಟೇನು ಹೋಗುತ್ತದೋ!

ನೀರಾವರಿ ಇದ್ದವರು, ಜೂನಿನಲ್ಲೇ ಹದ ಸಿಕ್ಕುವವರು ಇದನ್ನೇ ಹುಡುಕಬೇಕಾಗಿಲ್ಲ, ದೀರ್ಘಾವಧಿಯ ಎಂಆರ್-6 ನೋಡಬಹುದು. ಮಳೆಯಾಶ್ರಿತರು ಮಾತ್ರ ಮೇ ಕೊನೆಗೇ ಕೇಂದ್ರಕ್ಕೆ ಹೋಗಿ ವಿಚಾರಿಸಿ. ಪಹಣಿ, ಆಧಾರ್, ಎಫ್‌ಐಡಿ ನಂಬರ್ (ರೈತರ ಗುರುತಿನ ಸಂಖ್ಯೆ) ಮೂರನ್ನೂ ಒಟ್ಟಿಗೆ ಒಯ್ಯಿರಿ, ಒಂದಿಲ್ಲ ಅಂದರೂ ವಾಪಸ್ ಕಳಿಸುತ್ತಾರೆ.